ಅತ್ತಾರ ಮಾಸ್ತರರು ಕೊಟ್ಟ ಆನೆ

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಖಾದರಸಾಬ ಅತ್ತಾರ ಮಾಸ್ತರರು ತಮ್ಮ ಆನೆಯನ್ನು ನನ್ನ ಕುದುರೆಗೆ ಕೊಟ್ಟರು. ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಅದರ ಬೆರಳುಗಳು ಕಪ್ಪಾಗಿದ್ದವು.

ನಾನು ಚೆಸ್ ಆಡುವ ಒಂದು ಪ್ರೋಗ್ರಾಂ. ಗದುಗಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಗುರುಶಾಂತ ಹೊಂಬಳ ನನ್ನನ್ನು ಬರೆದರು. ಕಾಲೇಜಿನ ಕಂಪ್ಯೂಟರಿನಲ್ಲಿ ಹುಟ್ಟಿದ ನಾನು, ಅವರು ನಿವೃತ್ತರಾದಾಗ ಅವರ ಜೊತೆಗೇ ಮನೆಯ ಕಂಪ್ಯೂಟರಿಗೆ ಬಂದೆ.

ಹಲಗೆಯನ್ನು ನಾನು ಅಂಕಗಳಲ್ಲಿ ನೋಡುತ್ತೇನೆ. ಕಾಲಾಳಿಗೆ ನೂರು, ಕುದುರೆಗೆ ಮುನ್ನೂರು, ಆನೆಗೆ ಐನೂರು. ಇದು ಕಾಯಿಯ ಲೆಕ್ಕ. ಕುದುರೆ ಒಳ್ಳೆಯ ಮನೆಯಲ್ಲಿ ಕೂತರೆ, ರಾಜನ ಕಾವಲು ಭದ್ರವಾಗಿದ್ದರೆ ಹತ್ತೋ ಇಪ್ಪತ್ತೋ ಸೇರುತ್ತದೆ. ಇದು ಜಾಗದ ಲೆಕ್ಕ. ಎರಡನ್ನೂ ಕೂಡಿ, ಕೆಲವು ನಡೆ ಮುಂದಕ್ಕೆ ನೋಡಿ ತೀರ್ಮಾನಿಸುತ್ತೇನೆ. ಹೊಂಬಳರು ಇನ್ನೊಂದು ಸಾಲು ಸೇರಿಸಿದ್ದರು: ಜಾಗದ ಅಂಕ ಎಷ್ಟೇ ಕೂಡಿದರೂ ಒಂದು ಕಾಲಾಳಿನ ಬೆಲೆ ಮೀರಬಾರದು. ಹೀಗಾಗಿ ಕುದುರೆಗೆ ಬದಲು ಆನೆ ಸಿಕ್ಕರೆ ನಾನು ಹಿಂದೆಮುಂದೆ ನೋಡದೆ ತೆಗೆದುಕೊಳ್ಳುತ್ತಿದ್ದೆ.

ಹೊಂಬಳರ ಹಳೆಯ ಗೆಳೆಯ ಅತ್ತಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಾಗಿದ್ದವರು, ಕಾಲು ಕೆಡುವವರೆಗೂ ದಿನಾ ಬೆಳಗ್ಗೆ ಊರಾಚೆಯ ಬಿಂಕದಕಟ್ಟಿಯವರೆಗೆ ನಡೆದು ಬರುತ್ತಿದ್ದವರು. ಆನೆ ಕೊಟ್ಟು, ನನ್ನ ರಾಜನನ್ನು ಮೂಲೆಗೆ ಒತ್ತಿ ಗೆಲ್ಲುತ್ತಿದ್ದರು.

“ಮದವಿ ಮನ್ಯಾಗ ಚಪ್ಪಲಿ ಕಾಯ್ಕೋಂತ ಕುಂತು ಊಟಾ ತಪ್ಪಿಸ್ಕೊಳ್ಳಾವ ನಿನ್ನ ಮಷಿನ್ನು. ಥೇಟ್ ನಿನ್ನಂಗ, ಹೊಂಬಳ.”

“ಚಪ್ಪಲಿನರ ಉಳೀತಾವಲ್ಲೋ ಮಾರಾಯ,” ಎಂದು ಹೊಂಬಳರು ನಗುತ್ತಿದ್ದರು.

ಪಾದದ ಮುಂಭಾಗ ಕತ್ತರಿಸದಿದ್ದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ವಾರ ಆ ನಗು ನಿಂತಿತು.

“ಜನ್ಮೆಲ್ಲಾ ಆನಿ ಕೊಟ್ಟಾಂವ ನೀ. ಅರ್ಧ ಪಾದ ಕೊಡಾಕ ಆಗೂದಿಲ್ಲೇನೋ?”

“ಆನಿ ಮುಂದಿನ ಆಟಕ್ಕ ತಿರುಗಿ ಬರತೈತಿ. ಪಾದ ಬರತೈತೇನು?”

ಹೊಂಬಳರು ಬಿಡಲಿಲ್ಲ. ಕೊನೆಗೆ ಅತ್ತಾರರೇ ನನ್ನ ಕಡೆ ಕೈ ತೋರಿಸಿದರು. “ಒಂದಾಟ ಆಡ್ತೀನಿ. ನಾ ಗೆದ್ರ ನಾಳೆ ದವಾಖಾನಿಗೆ ಬರ್ತೀನಿ. ಇದು ಗೆದ್ರ ಈ ಮಾತು ಮತ್ತ ಎತ್ತಬ್ಯಾಡ.”

ಹೊಂಬಳರು ತಕ್ಷಣ ಒಪ್ಪಿದರು. ನಾನು ಸೋಲುತ್ತೇನೆಂಬ ನಂಬಿಕೆ ಅವರಿಗಿತ್ತು.

ಆ ಭಾನುವಾರ ಅವರು ಕೊಟ್ಟ ಆನೆಯನ್ನು ಎಂದಿನಂತೆ ತೆಗೆದುಕೊಂಡೆ. ಪರದೆಯ ಮೇಲೆ ಬಹಳ ಹೊತ್ತು ನನ್ನದೇ ಮೇಲುಗೈ ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ರಾಜನಿಗೆ ಓಡಾಡಲು ಮನೆ ಉಳಿದಿರಲಿಲ್ಲ; ಕಾಯಿ ಎಣಿಸುವ ಲೆಕ್ಕಕ್ಕೆ ಅದು ತಡವಾಗಿ ತಿಳಿಯಿತು. ಒಮ್ಮೆಲೇ ಅಂಕ ಕುಸಿಯಿತು. ಅತ್ತಾರರು ಕುದುರೆ ಹಾರಿಸಿದರೆ ನಾಲ್ಕೇ ನಡೆಗೆ ನನ್ನ ರಾಜ ಕಟ್ಟು, ಆಟ ಅವರದು. ಹೊಂಬಳರು ಅಂಕ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು.

ಮೌಸಿನ ಬಾಣ ಕುದುರೆಯ ಮೇಲೆ ಬಂದು ನಿಂತಿತು. ಆಮೇಲೆ ಅಲ್ಲಿಂದ ಸರಿದು, ದೂರದ ಮೂಲೆಯಲ್ಲಿದ್ದ ನನ್ನ ಒಂದು ಕಾಲಾಳನ್ನು ಹೊಡೆಯಿತು. ನನ್ನ ರಾಜ ಹೊರಗೆ ಬಂದ. ಹೆಚ್ಚಿಗೆ ಇದ್ದ ಆನೆಯಿಂದ ನಾನು ಆಟ ಮುಗಿಸಿದೆ.

“ಕುದುರಿ ಹಾರ್ಸಿದ್ರ ಮುಗೀತಿತ್ತಲ್ಲೋ, ಮಾಸ್ತರ.”

“ಕಾಣಲಿಲ್ಲ.”

“ಸುಳ್ಳ ಹೇಳಬ್ಯಾಡ.”

“ಮಾತಂದ್ರ ಮಾತು, ಹೊಂಬಳ. ಚಾ ಹೇಳು.”

ಹೊಂಬಳರು ಎದ್ದು ಚಹಾ ಹೇಳಿದರು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕಾಲಿನ ಕೊಳೆತ ತೊಡೆಯವರೆಗೆ ಏರಿತು. ಪ್ರಜ್ಞೆ ತಪ್ಪಿದ ಮೇಲೆ ಅತ್ತಾರರನ್ನು ಹುಬ್ಬಳ್ಳಿಗೆ ಒಯ್ದು, ಕಾಲನ್ನು ಮೊಣಕಾಲಿನಿಂದ ಮೇಲಕ್ಕೆ ಕತ್ತರಿಸಿದರು. ಅವರು ಉಳಿಯಲಿಲ್ಲ.

ನಾನಿರುವ ಕಂಪ್ಯೂಟರು ಈಗ ಕಿಟಕಿ ಪಕ್ಕದ ಮೂಲೆಯಲ್ಲಿ ಹಳೆಯ ಟವೆಲ್ ಹೊದ್ದು ಕೂತಿದೆ. ಅತ್ತಾರರ ಮಣ್ಣಾದ ಮರುವಾರ ಹೊಂಬಳರು ಒಮ್ಮೆ ನನ್ನನ್ನು ತೆರೆದು, ಜಾಗದ ಅಂಕಕ್ಕೆ ಮಿತಿ ಹಾಕಿದ್ದ ಆ ಸಾಲನ್ನು ಅಳಿಸಿದರು. ಜಾಗ ಸಿಗುವುದಾದರೆ ಇನ್ನು ನಾನೂ ಆನೆ ಕೊಡಬಲ್ಲೆ. ಅಲ್ಲಿಂದೀಚೆಗೆ ಯಾರೂ ನನ್ನೊಂದಿಗೆ ಆಡಿಲ್ಲ.