ಎರಡನೆಯ ಸಾಬಿಯಾ

"ಸಾಬಿಯಾ, ಇತ್ತ ಬಾ" ಎಂದು ಓದಿಲೋನ್ ಕರೆದಾಗ ಇಬ್ಬರು ತಿರುಗಿ ನೋಡಿದರು. ಒಬ್ಬ, ಬಾಗಿಲ ಬಳಿ ಹತ್ತು ತಂತಿಯ ವಿಯೋಲಾ ಗಿಟಾರಿಗೆ ಶ್ರುತಿ ಕೂಡಿಸುತ್ತಿದ್ದ ಮೂವತ್ತರ ಕ್ಲಾವುದಿನೇಯ್. ಇನ್ನೊಬ್ಬ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿ ಕೂತಿದ್ದ ದುರ್ವಲೀನೊ. ಓದಿಲೋನ್ ಕರೆದದ್ದು ಕ್ಲಾವುದಿನೇಯ್‌ನನ್ನು. ಅರ್ಧ ಎದ್ದಿದ್ದ ದುರ್ವಲೀನೊ ಬೆನ್ನು ನೋಯುತ್ತಿದೆ ಎಂಬಂತೆ ಸೊಂಟ ಹಿಡಿದುಕೊಂಡು ಮತ್ತೆ ಕೂತ. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಗೊಯಾಸ್ ಸೀಮೆಯಲ್ಲಿ 'ಸೆರ್ರಾನೊ ಮತ್ತು ಸಾಬಿಯಾ' ಜೋಡಿಯ ಹಾಡು ಬಾರದ ಲಾರಿ ಡ್ರೈವರ್ ಇರಲಿಲ್ಲ. ಸೆರ್ರಾನೊ ಎಂದರೆ ಅಣ್ಣ ಅನಾಕ್ಲೇತೊ, ಕೆಳಗಿನ ಕಂಠ. ಸಾಬಿಯಾ ಎಂದರೆ ತಮ್ಮ ದುರ್ವಲೀನೊ, ಮೇಲಿನ ಕಂಠ. ಹಾಡುಹಕ್ಕಿಯ ಆ ಹೆಸರು ಅವನಿಗೆ ಹೇಳಿ ಮಾಡಿಸಿದಂತಿತ್ತು. ದನ ಅಟ್ಟುವವನ ಮಕ್ಕಳು, ಹಾಡಿ ಹಾಡಿ ಗೊಯಾನಿಯಾ ಪಟ್ಟಣದಲ್ಲಿ ಎರಡು ಮನೆ ಕಟ್ಟಿದ್ದರು. ಆಮೇಲೆ ತಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರು ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದು, ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಬಿಟ್ಟರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ದುರ್ವಲೀನೊಗೆ ಬಾಯಿ ಇತ್ತು, ಅದರಿಂದ ಏನೂ ಹೊರಡುತ್ತಿರಲಿಲ್ಲ.

ಈ ಕಸುಬಿನಲ್ಲಿ ಹೆಸರು ಆಳಿನದಲ್ಲ, ಜೋಡಿಯದು. ಒಬ್ಬ ಸತ್ತರೆ, ಕುಡಿದು ಹಾಳಾದರೆ, ಜಗಳವಾಡಿ ಹೊರಟುಹೋದರೆ ಇನ್ನೊಬ್ಬನನ್ನು ಹುಡುಕಿ ತಂದು ಅದೇ ಹೆಸರು ತೊಡಿಸುತ್ತಾರೆ. ಪೋಸ್ಟರಿನಲ್ಲಿ ಮುಖ ಬದಲಾಗುತ್ತದೆ, ಅಕ್ಷರ ಹಾಗೇ ಉಳಿಯುತ್ತದೆ. ಜನ ಕೊಂಚ ದಿನ ಗೊಣಗಿ ಮತ್ತೆ ಚಪ್ಪಾಳೆ ತಟ್ಟುತ್ತಾರೆ. ಹೀಗೆ ಬೇರೊಂದು ಜೋಡಿಯಲ್ಲಿ ಮೂರನೆಯವನ ಪಾಲಾದ ಹೆಸರೊಂದನ್ನು ಹಿಡಿದು ದುರ್ವಲೀನೊ ತಾನೇ ವೇದಿಕೆಯ ಮೇಲೆ ತಮಾಷೆ ಮಾಡಿದ್ದುಂಟು: "ಆ ಹೆಸರಿಗೆ ಸಾವಿಲ್ಲ ಕಣ್ರಪ್ಪಾ, ಸಾವೇನಿದ್ರೂ ಹೊತ್ತೋರಿಗೆ." ಅಂಗಳಕ್ಕೆ ಅಂಗಳವೇ ನಕ್ಕಿತ್ತು.

ಕ್ಲಾವುದಿನೇಯ್‌ನನ್ನು ಹುಡುಕಿ ತಂದವನು ಓದಿಲೋನ್. ಜೋಡಿಯ ಕಾರ್ಯಕ್ರಮಗಳನ್ನೆಲ್ಲ ಗೊತ್ತು ಮಾಡುತ್ತಿದ್ದವನು ಅವನೇ. ದುಃಖವನ್ನೂ ಗಡಿಯಾರ ನೋಡಿಕೊಂಡು ಪಡುವ ಜಾತಿ. ಲೊಂದ್ರಿನಾ ಪಟ್ಟಣದ ಮಾಂಸದ ಹೋಟೆಲೊಂದರಲ್ಲಿ, ಉಣ್ಣುವವರ ಗದ್ದಲದ ನಡುವೆ ಹಾಡುತ್ತಿದ್ದ ಕ್ಲಾವುದಿನೇಯ್‌ನ ಕಂಠ ಕೇಳಿ ಅಲ್ಲಿಂದಲೇ ಅನಾಕ್ಲೇತೊಗೆ ಫೋನು ಮಾಡಿದ್ದ. ಹೊಸಬ ಕೆಟ್ಟವನಾಗಿದ್ದರೆ ದ್ವೇಷಿಸುವುದಾದರೂ ಸುಲಭವಾಗುತ್ತಿತ್ತು. ಅವನು ಬಂದ ಮೊದಲ ದಿನವೇ ಟೋಪಿ ಕೈಯಲ್ಲಿ ಹಿಡಿದು ದುರ್ವಲೀನೊನ ಮುಂದೆ ನಿಂತು, ಈ ಹೆಸರು ನಾನು ಕೇಳಿದ್ದಲ್ಲ, ನಿಮ್ಮ ಹಾಡು ಕೇಳಿಯೇ ಹಾಡಲು ಕಲಿತವನು ಎಂದಿದ್ದ. ದುರ್ವಲೀನೊ ಅವನ ಭುಜ ತಟ್ಟಿದ.

ಅವನು ಮಾತನಾಡುತ್ತಿದ್ದದ್ದು ಅಣ್ಣನ ಮೂಲಕ. ಕೆಳಗಿನ ಕಂಠದವನು ಹಾಡುವಾಗ ಮೇಲಿನ ಕಂಠದವನ ಬಾಯಿಯಿಂದ ಕಣ್ಣು ಕೀಳುವಂತಿಲ್ಲ. ಅವನು ತುಟಿ ತೆರೆದಾಗ ಇವನೂ ತೆರೆಯಬೇಕು, ಅವನು ಉಸಿರೆಳೆದಾಗ ಇವನೂ ಎಳೆಯಬೇಕು. ಪ್ರಾಯವೆಲ್ಲ ತಮ್ಮನ ತುಟಿ ನೋಡಿಯೇ ಕಳೆದ ಅನಾಕ್ಲೇತೊಗೆ ಅದರಲ್ಲಿ ಸದ್ದಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದುರ್ವಲೀನೊ ಬರಿಯ ತುಟಿ ಆಡಿಸಿದರೆ ಸಾಕು, ಅಣ್ಣ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದ. ದುರ್ವಲೀನೊನ ಹೆಂಡತಿ ಜೆನಾಯ್ದೆಗೂ ಅಷ್ಟು ತಿಳಿಯುತ್ತಿರಲಿಲ್ಲ.

ಅಂದು ಅನಾಕ್ಲೇತೊನ ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ಅಭ್ಯಾಸ ನಡೆದಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ನೇರ ಕಾರ್ಯಕ್ರಮ; ಹೊಸ ಸಾಬಿಯಾ ಮೊದಲ ಸಲ ಜನರ ಕಿವಿಗೆ ಬೀಳುವುದಿತ್ತು. ಹೊಸಬ ಎಂದು ಹೇಳುವುದೇ ಬೇಡ, ಮೊದಲು ಹಾಡು ಹೋಗಲಿ, ಜನ ಒಪ್ಪಿದ ಮೇಲೆ ಪೋಸ್ಟರು ನೋಡಿಕೊಳ್ಳಲಿ ಎಂದು ಓದಿಲೋನ್ ಹೇಳಿದ. ಅದನ್ನು ಕೇಳಿ ದುರ್ವಲೀನೊ ಎದ್ದು ಬಂದು ಅಣ್ಣನೆದುರು ನಿಂತ. ತುಟಿಗಳು ನಿಧಾನವಾಗಿ ಆಡಿದವು.

"ಹಾಡೆಲ್ಲ ಕೊಟ್ಬಿಡು ಅಣ್ಣಾ. ಹೆಸರು ಮಾತ್ರ ಕೊಡ್ಬೇಡ. ಅವನಿಗೆ ಬೇರೆ ಹೆಸರಿಡು."

ಅನಾಕ್ಲೇತೊ ಅವನ ಬಾಯನ್ನೇ ನೋಡಿದ. ಆಮೇಲೆ ಕೈಲಿದ್ದ ಕಾಫಿ ಲೋಟವನ್ನು ನೋಡಿದ.

"ಏನಂದ್ಯೋ? ತಿಳೀಲಿಲ್ಲ ನಂಗೆ."

ದುರ್ವಲೀನೊ ಇನ್ನೊಮ್ಮೆ ಹೇಳಿದ, ಮಗುವಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ. ಉಸಿರು ಬಿರುಸಾಗಿ ಕುತ್ತಿಗೆಯ ಬಟ್ಟೆ ಪಟಪಟ ಎಂದಿತು.

"ಇಲ್ಲಿ ಬೆಳಕು ಸಾಲ್ದು" ಎಂದ ಅನಾಕ್ಲೇತೊ. ತಗಡಿನ ಸಂದಿಯಿಂದ ಇಳಿಯುತ್ತಿದ್ದ ಬಿಸಿಲಿಗೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡೇ ಕೂತಿದ್ದರು.

ಏನು ಹೇಳುತ್ತಿದ್ದಾನೆ ಎಂದು ಓದಿಲೋನ್ ಕೇಳಿದ. ಏನಿಲ್ಲ, ಸುಸ್ತಾಗಿದೆಯಂತೆ ಎಂದುಬಿಟ್ಟ ಅನಾಕ್ಲೇತೊ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಅವನ ಪಾಡು ಹಾಗಿತ್ತು. ತಮ್ಮನ ಮೇಲೆ ಪ್ರಾಣವಿತ್ತು, ಹೌದು. ಆದರೆ ಜೋಡಿಯ ಹೆಸರು ಅಳಿದರೆ, ಅರವತ್ತರ ಹೊಸ್ತಿಲಲ್ಲಿ ನಿಂತ ಕೆಳಗಿನ ಕಂಠದವನನ್ನು ಒಂಟಿಯಾಗಿ ಹಾಡು ಎಂದು ಯಾರೂ ಕರೆಯುವುದಿಲ್ಲ. ಅದು ದುರ್ವಲೀನೊಗೂ ಗೊತ್ತಿತ್ತು. ಗೊತ್ತಿದ್ದರೂ ಅವನಿಗೆ ಸಿಟ್ಟು ಬಂತು. ಧ್ವನಿಯನ್ನು ಡಾಕ್ಟರು ತೆಗೆದರು, ಮಾತನ್ನು ಒಡಹುಟ್ಟಿದವನೇ ತೆಗೆದ.

ಎದ್ದು ಹೋಗಬಹುದಿತ್ತು. ಅಷ್ಟರಲ್ಲಿ ಹಾಡು ಶುರುವಾಯಿತು. ತಪ್ಪಿಸಿಕೊಂಡ ಎತ್ತನ್ನು ಕರೆಯುವ ಹಾಡು ಅದು, ಜೋಡಿಗೆ ಹೆಸರು ತಂದದ್ದು. ಕ್ಲಾವುದಿನೇಯ್ ತಪ್ಪಿಲ್ಲದೆ ಹಾಡಿದ, ದನಿಯೂ ಏರಿತು. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಅನಾಕ್ಲೇತೊ ಮುಗ್ಗರಿಸಿದ. ಅಲ್ಲಿ ದುರ್ವಲೀನೊನ ದನಿ ಎಳೆ ಕಡಿದಂತೆ ಒಡೆದು ಮತ್ತೆ ಕೂಡುತ್ತಿತ್ತು. ಅಪ್ಪ ಮುಂದಾಳು ಎತ್ತನ್ನು ಕರೆಯುವಾಗ ಕೂಗನ್ನು ಹಾಗೆ ಒಡೆಯುತ್ತಿದ್ದ. ಆ ಬಿರುಕಿನಲ್ಲಿ ಕಾಲಿಟ್ಟೇ ಕೆಳಗಿನ ಕಂಠ ಒಳಗೆ ಬರಬೇಕು. ಹೊಸಬನ ಹಾಡಿನಲ್ಲಿ ಬಿರುಕೇ ಇರಲಿಲ್ಲ. ಅನಾಕ್ಲೇತೊ ಒಮ್ಮೆ ಬೇಗ ಬಂದ, ಒಮ್ಮೆ ತಡವಾಗಿ ಬಂದ, ಮೂರನೆಯ ಸಲ ಬರಲೇ ಇಲ್ಲ. ಬಾಯಿ ತೆರೆದುಕೊಂಡು, ಹೊಸಬನ ತುಟಿ ನೋಡುತ್ತ ನಿಂತುಬಿಟ್ಟ. ಓದಿಲೋನ್ ಗಡಿಯಾರ ನೋಡಿದ.

ಆ ಬಿರುಕೊಂದನ್ನು ಕೊಡುವುದಿಲ್ಲ ಎಂದು ದುರ್ವಲೀನೊ ಮನಸ್ಸಿನಲ್ಲೇ ನಿಶ್ಚಯಿಸಿಕೊಂಡು ಬಂದಿದ್ದ. ಹೆಸರು ಹೋದರೂ ಅದಿರಲಿ, ತನ್ನ ಜೊತೆ ಮಣ್ಣಿಗೆ ಬರಲಿ ಎಂದು. ಅಣ್ಣನ ಆ ತೆರೆದ ಬಾಯಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಸಿಟ್ಟು ಇಳಿದಿರಲಿಲ್ಲ, ಸಿಟ್ಟಿನಲ್ಲೇ ಎದ್ದ. ಕ್ಲಾವುದಿನೇಯ್‌ನ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ಸದ್ದಿಲ್ಲದೆ ಇಡೀ ಸಾಲನ್ನು ಹಾಡಿದ. ಕೊನೆಗೆ, ದನಿ ಒಡೆಯಬೇಕಾದ ಕಡೆ, ಹೊಟ್ಟೆ ತಟ್ಟನೆ ಒಳಸರಿದು ಮತ್ತೆ ಸಡಿಲವಾಯಿತು. ಮತ್ತೊಮ್ಮೆ, ಮಗದೊಮ್ಮೆ. ಕುತ್ತಿಗೆಯ ಬಟ್ಟೆ ಒದ್ದೆಯಾಯಿತು. ಕ್ಲಾವುದಿನೇಯ್ ಕಣ್ಣು ಮುಚ್ಚಿ ಹಾಡಿದ. ದನಿ ಒಡೆಯಿತು, ಕೂಡಿತು. ಅನಾಕ್ಲೇತೊ ಸರಿಯಾಗಿ ಅಲ್ಲಿಯೇ ಒಳಗೆ ಬಂದ. ಮುಂದಿನ ಸಾಲು ಹಾಡುವಾಗ ಅವನ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ದುರ್ವಲೀನೊ ಅದನ್ನು ನೋಡಲು ನಿಲ್ಲದೆ ಮನೆಗೆ ನಡೆದ.

ಮನೆಯಲ್ಲೂ ಅವನು ಕಳ್ಳನಂತೆಯೇ ಇರಬೇಕಿತ್ತು. ಜೊತೆಗಿದ್ದ ತಾಯಿ ಆಂಬ್ರೋಜೀನಾಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು, ಹೃದಯ ದುರ್ಬಲ. ಆಪರೇಷನ್‌ಗೆ ಮೊದಲು, ಗಂಟಲು ಸ್ವಲ್ಪ ಕೆಟ್ಟಿದೆ, ಔಷಧಿ ತಗೊಂಡು ದಕ್ಷಿಣದ ಕಡೆ ಹಾಡಲು ಹೋಗುತ್ತೇನೆ ಎಂದು ಅವಳ ಕೈಗೆ ಮುತ್ತಿಟ್ಟು ಹೇಳಿದ್ದ. ಏನಾದರೂ ಒಂದಿಷ್ಟು ದನಿ ಮರಳಿದರೆ ಬಂದೆನೆಂದು ಹೇಳೋಣ ಎಂದುಕೊಂಡಿದ್ದ. ಮರಳಲಿಲ್ಲ. ಅಂದಿನಿಂದ, ತಾನು ಮನೆಯಲ್ಲಿರುವುದು ಅವಳಿಗೆ ತಿಳಿಯದಂತೆ ಬರಿಗಾಲಲ್ಲಿ ಓಡಾಡುತ್ತಿದ್ದ. ಅವಳು ಊಟದ ಮೇಜಿಗೆ ಬಂದರೆ ಅಂಗಳಕ್ಕೆ ಹೋಗುತ್ತಿದ್ದ. ಅವಳು ಮಾತ್ರ ಹಳೆಯ ರೆಕಾರ್ಡು ಬಂದಾಗಲೆಲ್ಲ ರೇಡಿಯೋ ಬಂದ್ ಮಾಡಿಸುತ್ತಿದ್ದಳು. ಇದು ಹಳೇ ದನಿ, ಇದರಿಂದ ನನಗೇನು ತಿಳೀತದೆ, ಅವನು ಈಗ ಹೇಗಿದ್ದಾನೆ ಹೇಳು ಎಂದು ಜೆನಾಯ್ದೆಯನ್ನು ಕಾಡುತ್ತಿದ್ದಳು. ಅವನು ಸತ್ತಿದ್ದಾನೆ, ನನ್ನಿಂದ ಮುಚ್ಚಿಡುತ್ತಿದ್ದೀರಿ ಎಂದು ಒಂದು ದಿನ ಊಟ ಬಿಟ್ಟು ಮಲಗಿದ್ದಳು.

ಭಾನುವಾರ ಬೆಳಿಗ್ಗೆ ಜೆನಾಯ್ದೆ ಒಲೆಯಿಂದ ಚೀಸ್ ಹಾಕಿ ಸುಟ್ಟ ಉಂಡೆ ತೆಗೆದು ತಟ್ಟೆಗೆ ಹಾಕಿದಳು. ನೇರ ಕಾರ್ಯಕ್ರಮ ಎಂದು ರೇಡಿಯೋದವನು ಕೂಗಿದ. ಸೆರ್ರಾನೊ ಮತ್ತು ಸಾಬಿಯಾ ಎಂದಾಗ ಅಲ್ಲಿನ ಜನರ ಚಪ್ಪಾಳೆ ಮಳೆ ಸುರಿದಂತೆ ಕೇಳಿಸಿತು. ದುರ್ವಲೀನೊ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ತಾಯಿ ಉಂಡೆ ಮುರಿದವಳು ಬಾಯಿಗಿಡದೆ ಕೈಯಲ್ಲೇ ಹಿಡಿದು, ತಲೆ ವಾಲಿಸಿ ಆಲಿಸಿದಳು. ಅವಳ ಹುಬ್ಬು ಗಂಟಾಗಿತ್ತು. ತಾಯಿಯ ಕಿವಿ, ಅದೂ ಕಣ್ಣಿಲ್ಲದವಳ ಕಿವಿ. ಗುರುತು ಹಿಡಿಯುತ್ತಾಳೆ ಎಂದು ಅವನು ಹೆದರಿದ. ಹಿಡಿಯಲಿ ಎಂದೂ ಅವನ ಜೀವ ಒದ್ದಾಡಿತು. ಜಗತ್ತಿನಲ್ಲಿ ಒಬ್ಬಳಾದರೂ ಇವನು ಅವನಲ್ಲ ಎನ್ನಲಿ.

ಸಾಲು ಮೇಲೇರಿತು, ಕೊನೆಯಲ್ಲಿ ಒಡೆಯಿತು, ಕೂಡಿತು. ಮುದುಕಿಯ ಹುಬ್ಬು ಸಡಿಲಾಯಿತು.

"ನನ್ ಮಗನೇ" ಎಂದಳು. "ಮೊದಲಿಗೆ ಯಾರೋ ಅನ್ನಿಸ್ತು ಕಣೇ ಜೆನಾಯ್ದೆ, ಎದೆ ಧಸಕ್ಕಂತು. ಇಲ್ಲ, ಅವನೇ. ಹಾಗೆ ಕರೆಯೋಕೆ ಇನ್ಯಾರಿಗೆ ಬರ್ತದೆ? ಗಂಟಲು ವಾಸಿಯಾಗಿದೆ ಅವನಿಗೆ. ಮೊದಲಿಗಿಂತ ಚೆನ್ನಾಗಿದೆ."

ಅವಳು ಎಷ್ಟೋ ದಿನಗಳ ಮೇಲೆ ಆಸೆಯಿಂದ ತಿನ್ನತೊಡಗಿದಳು. ಜೆನಾಯ್ದೆ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿ ನಿಂತಿದ್ದಳು.

"ಸ್ವಲ್ಪ ಜೋರು ಮಾಡೇ ಮಗಳೇ" ಎಂದಳು ತಾಯಿ.

ಜೆನಾಯ್ದೆ ಅಲುಗಾಡಲಿಲ್ಲ. ದುರ್ವಲೀನೊ ಕೋಣೆ ದಾಟಿ ಬಂದು, ಕುತ್ತಿಗೆಯ ಉಸಿರು ಕೇಳಿಸದಂತೆ ಎಡಗೈಯನ್ನು ಬಟ್ಟೆಯ ಮೇಲೆ ಒತ್ತಿ ಹಿಡಿದು, ಬಲಗೈಯಿಂದ ರೇಡಿಯೋದ ಗುಂಡಿ ತಿರುಗಿಸಿದ.

"ಇನ್ನೂ ಸ್ವಲ್ಪ" ಎಂದಳು ಅವಳು.

ಅವನು ಇನ್ನೂ ಸ್ವಲ್ಪ ತಿರುಗಿಸಿದ.