ಅಜ್ಜಿಯ ಫೋನಿಗೆ ಬಂದ ಕಿವಿ ಮಷಿನ್ನು

ಪರಿಮಳಾ ಕಾವಲಿಗೆ ತೆಳ್ಳೇವಿನ ಹಿಟ್ಟು ಎರೆದು ಇನ್ನೂ ತೆಳ್ಳಗೆ ಹರಡಿರಲಿಲ್ಲ, ಅತ್ತೆ ಫೋನು ಹಿಡಿದುಕೊಂಡು ಒಲೆಯ ಬುಡಕ್ಕೇ ಬಂದರು.

"ನೋಡು, ಮತ್ತೆ ಕಿವಿ ಮಷಿನ್ನು. ಭಜನೆ ಹಾಕಿದ್ರೂ ಅದೇ, ಉಪ್ಪಿನಕಾಯಿ ನೋಡಿದ್ರೂ ಅದೇ. ಎನ್ನ ಕಿವಿಗೆ ಎಂತ ಆಜು?"

"ಎಂತದೂ ಆಜಿಲ್ಲೆ ಅತ್ತೆ. ಅದು ಎಲ್ಲರಿಗೂ ಬತ್ತು."

"ಪಕ್ಕದ ಮನೆ ಜ್ಯೋತಿಗೆ ಬತ್ತಿಲ್ಲೆ, ಕೇಳ್ಕಂಡು ಬೈಂದಿ. ನೀ ಗಂಡನ ಹತ್ರ ಪಿಸಿಪಿಸಿ ಹೇಳದೂ ಎಂಗೆ ಕೇಳ್ತು, ನೆನಪಿರ್ಲಿ."

ತೆಳ್ಳೇವು ಸೀದಿತು.

ಒಂಬತ್ತು ವರ್ಷದ ಮಗಳು ಅಭಿಜ್ಞಾ ಎಡಗಡೆಯಿಂದ ಕರೆದರೆ ತಿರುಗದೆ ತಿಂಗಳಾಗಿತ್ತು. ಗುರುವಾರ ಶಿರಸಿಯಲ್ಲಿ ಕಿವಿ ಪರೀಕ್ಷೆ. ಡಾಕ್ಟರು ಇಂಥದ್ದೆಂದು ಹೇಳುವ ಮೊದಲೇ ಮಗುವಿನ ಮನಸ್ಸಿಗೆ ಹೆದರಿಕೆ ಹೊಗುವುದು ಬೇಡವೆಂದು ಪರಿಮಳಾ ಗಂಡ ಶಾಂತಾರಾಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮಷಿನ್ನು ಹುಡುಕಿದ್ದೂ ಪ್ರೈವೇಟ್ ವಿಂಡೋದಲ್ಲಿ. ಕುಕೀ ಬೇಡವೆಂದಿದ್ದಳು, ಟ್ರ್ಯಾಕ್ ಮಾಡಬೇಡಿ ಎಂಬುದನ್ನು ಒತ್ತಿದ್ದಳು, ಕೊನೆಗೆ ಎಲ್ಲವನ್ನೂ ಅಳಿಸಿದ್ದಳು. ಒಂದು ಅಂಗಡಿ ಮಾತ್ರ ಲಾಗಿನ್ ಆಗದೆ ಬೆಲೆ ತೋರಿಸಲಿಲ್ಲ. ಮನೆಯ ಇಮೇಲ್ ಹಾಕಿದಳು. ಆ ಇಮೇಲೋ, "ರೇಷನ್ ಕಾರ್ಡು ಮನೆಗೊಂದೇ ಇದ್ದಾಂಗೆ ಇದೂ ಒಂದೇ ಸಾಕು" ಎಂದು ಶಾಂತಾರಾಮ ಮೂರು ಫೋನಿಗೂ ಕೂಡಿಸಿಟ್ಟದ್ದು. ಆಮೇಲೆ ಸೆಟ್ಟಿಂಗಿನಲ್ಲಿ ಜಾಹೀರಾತನ್ನು ಎರಡು ಸಲ ಬಂದ್ ಮಾಡಿದಳು. ಅದು ಬಾಗಿಲು ಹಾಕಿದರೆ ಕಿಂಡಿಯಲ್ಲಿ ಬರುವ ಬೆಕ್ಕಿನ ಹಾಗೆ ಮತ್ತೆ ಬಂತು.

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಅತ್ತೆಯ ಫೋನು ತೆಗೆದುಕೊಂಡಳು. ಈ ಜಾಹೀರಾತು ಬೇಡ ಎಂದು ಒತ್ತಿದರೆ ಯಾಕೆ ಎಂದು ಕೇಳಿತು. ಆಸಕ್ತಿ ಇಲ್ಲ. ಪದೇ ಪದೇ ಬರುತ್ತಿದೆ. ಮಗಳು ನೋಡುತ್ತಾಳೆ ಎನ್ನುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಹಲ್ಲು ಕಚ್ಚಿ ಯಾವುದೋ ಒಂದನ್ನು ಒತ್ತಿದಳು. ಧನ್ಯವಾದ ಎಂದಿತು.

ಅತ್ತೆ ಫೋನು ವಾಪಸು ಪಡೆದು ಕಣ್ಣಿಗೆ ಹತ್ತಿರ ಹಿಡಿದರು. "ಇದೆಂತ, ಮಷಿನ್ನು ಹಾಕ್ಕಂಡ ಅಜ್ಜನ ಚಿತ್ರ ಹೋಗಿ ಈಗ ಶಾಲೆ ಕೂಸಿನ ಚಿತ್ರ ಬಂತು. ಗುಲಾಬಿ ಬಣ್ಣದ ಮಷಿನ್ನು. ಎಂಗೆ ಒಪ್ತಾ ಇದು?"

ಪರಿಮಳಾ ನಗಲಾರದೆ ಕಾವಲಿ ಕೆರೆಯತೊಡಗಿದಳು. ತಿಂಡಿಗೆ ಕಾಯುತ್ತ ತಾಯಿಯ ಕಡೆಗೆ ಎಡಗಿವಿ ಮಾಡಿ ಕೂತಿದ್ದ ಅಭಿಜ್ಞಾ ಎದ್ದು, ತಟ್ಟೆ ಎತ್ತಿಕೊಂಡು ಅಜ್ಜಿಯ ಬೆನ್ನಿನ ಹಿಂದಿನಿಂದ ಆ ಚಿತ್ರವನ್ನು ಒಮ್ಮೆ ನೋಡಿದಳು. ಆಮೇಲೆ ಬಲಗಿವಿ ತಾಯಿಯ ಕಡೆಗೆ ಬರುವಂತೆ ಈಚೆ ಬಂದು ಕೂತಳು.

"ಆಯಿ, ಅದು ಅಜ್ಜಿಗಲ್ಲ, ಅಲ್ದಾ? ಎಂಗಾ?"