ನಕ್ಷತ್ರದ ಸಾಲು

ಗೆರೆ ತೀರಾ ಚೆಂದ ಇದೆ, ಇಷ್ಟು ಚೆಂದ ಇರಬಾರದು, ಸೊನ್ನೆಯಲ್ಲಿ ಹೊರಟ ಹಸಿರು ಗೆರೆ ಪರದೆಯ ಮೂರನೇ ಚೌಕಕ್ಕೆ ಬಂದದ್ದೇ ಎದ್ದು ಕುಣಿಯುತ್ತದೆ, ಮೇಲೆ ಕೆಳಗೆ ಮೇಲೆ ಕೆಳಗೆ, ಒಂದು ಹಲ್ಲೂ ಮುರಿಯದ ಬಾಚಣಿಗೆಯ ಹಾಗೆ, ಅಂದರೆ ಬಜರ್ ಕೂಗುತ್ತಿದೆ, ಅಂದರೆ ಗ್ಯಾಸು ಸೋರಿದರೆ ಅಡುಗೆಮನೆ ಗೋಡೆಯ ಮೇಲಿನ ಡಬ್ಬಿ ಮನೆಯವರನ್ನೆಲ್ಲ ಎಚ್ಚರಿಸುತ್ತದೆ, ಆಯಿತಲ್ಲ, ಇನ್ನೇನು ಬೇಕು, ಸಹಿ ಹಾಕು ಅಂತಾರೆ ಎಲ್ಲರೂ – ಆದರೆ ಬೆಳ್ಳಗಿರೋದೆಲ್ಲ ಹಾಲಲ್ಲ, ಹತ್ತೊಂಬತ್ತು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು ಬೇರೆಯವರು ಮಾಡಿದ ಸರ್ಕ್ಯೂಟುಗಳಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ, ಮೊಸರಲ್ಲಿ ಕಲ್ಲು ಹುಡುಕೋಳು ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ, ಕಲ್ಲು ಸಿಕ್ಕಿದ ದಿನ ಯಾರ ಹಲ್ಲು ಉಳಿಯಿತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಆಚೆ ಮೇಜಿನಲ್ಲಿ ಯಾರೋ ಬೆಸುಗೆ ಹಾಕುತ್ತಿದ್ದಾರೆ, ಹೊಗೆ ಬಾಗಿಲ ಸಂದಿಯಿಂದ ಒಳಗೆ ಬಂದು ಮೂಗಿಗೆ ಅಡರುತ್ತದೆ, ಈ ವಾಸನೆಯೂ ಅಕ್ಕನಿಗೆ ಬರುವುದಿಲ್ಲ, ಎರಡು ವರ್ಷದ ಹಿಂದಿನ ಆ ಜ್ವರ ಹೋಗುವಾಗ ಮೂಗನ್ನೂ ಗಂಟುಕಟ್ಟಿಕೊಂಡು ಹೋಯಿತು, ಹಾಲು ತಳ ಹತ್ತಿದರೂ ಗೊತ್ತಾಗಲ್ಲ ಕಣೇ, ಒಂದು ಲಾಭ ಅಂದ್ರೆ ನಿನ್ನ ಭಾವನ ಕಾಲುಚೀಲದ ಕಾಟ ತಪ್ಪಿತು ಅಂತ ನಕ್ಕಿದ್ದಳು ಅಕ್ಕ, ನಕ್ಕು ಆಮೇಲೆ ಸುಮ್ಮನೆ ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದಳು. ಆ ಅಕ್ಕನ ಅಡುಗೆಮನೆಯಲ್ಲೇ ಮೊದಲ ಡಬ್ಬಿ ತೂಗುಹಾಕಿದ್ದಾರೆ ಭಾವ, ಹದಿನೈದು ದಿನವಾಯಿತು, ಸರ್ಕ್ಯೂಟು ಮಾಡಿದವರೂ ಅವರೇ, ಇದೇ ಆಫೀಸಿನಲ್ಲಿ, ಗಾಜಿನ ಗೋಡೆಯ ಆಚೆ, ಅವಳ ಕಣ್ಣೆದುರಿಗೇ ಕೂರುವ ಅಕ್ಕನ ಗಂಡ. ಇವತ್ತು ಮಧ್ಯಾಹ್ನದೊಳಗೆ ಅವಳು ಸಹಿ ಹಾಕಿದರೆ ನಾಳೆಯಿಂದ ಇಂಥ ಡಬ್ಬಿಗಳು ಸಾವಿರಗಟ್ಟಲೆ ತಯಾರಾಗುತ್ತವೆ.

ಕಂಪ್ಯೂಟರಿನೊಳಗೇ ಸರ್ಕ್ಯೂಟು ಓಡಿಸಿ ನೋಡುವ ಈ ಸಿಮ್ಯುಲೇಟರು ಪುಕ್ಕಟೆಯದು, ಅಲ್ಲಿಂದಲೇ ಶುರುವಾಯಿತು ಅವಳ ಗುಮಾನಿ, ತಂತಿ ಇಲ್ಲ ಬೆಸುಗೆ ಇಲ್ಲ, ಈ ರೆಸಿಸ್ಟರು ಇಲ್ಲಿಂದ ಅಲ್ಲಿಗೆ, ಈ ಕೆಪಾಸಿಟರು ಅಲ್ಲಿಂದ ಇಲ್ಲಿಗೆ ಅಂತ ಸಾಲುಸಾಲಾಗಿ ಬರೆದುಕೊಟ್ಟರೆ ಲೆಕ್ಕ ಹಾಕಿ ಗೆರೆ ಎಳೆದು ತೋರಿಸುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರ್ಯಾರೋ ಎಲ್ಲೆಲ್ಲೋ ಕೂತು ಕೈ ಹಾಕಿದ ಪಾತ್ರೆ, ಅದರಲ್ಲಿ ಬೆಂದದ್ದನ್ನು ನಾನು ಹೇಗೆ ಉಣ್ಣಲಿ ಭಾವ ಅಂದರೆ, ಅಯ್ಯೋ ಪತ್ತೇದಾರಿ, ಎಲ್ಲಾ ತೆರೆದಿಟ್ಟಿದೆಯಲ್ಲ, ಒಳಗಿಳಿದು ನೋಡ್ಕೋ, ಬರೆದವರ ಜಾತಕನೂ ಸಿಗತ್ತೆ ಅಂದಿದ್ದರು, ಪತ್ತೇದಾರಿ ಅನ್ನುವುದು ಅವರಿಟ್ಟ ಹೆಸರು, ಮದುವೆಯ ಮರುವಾರವೇ ಇಟ್ಟದ್ದು, ಕಳೆದುಹೋದ ಅವರ ಕನ್ನಡಕವನ್ನು ಅವರ ತಲೆಯ ಮೇಲೇ ಪತ್ತೆ ಹಚ್ಚಿದಳು ಅಂತ. ಇಳಿದಳು, ಆರು ದಿನ ಇಳಿದಳು, ಸಿಮ್ಯುಲೇಟರಿನ ಹೊಟ್ಟೆಯೊಳಗೆ ಯಾರು ಯಾವತ್ತು ಯಾವ ಸಾಲು ತಿದ್ದಿದರು, ಯಾಕೆ ತಿದ್ದಿದರು, ಯಾರು ಯಾರ ಮೇಲೆ ಮುನಿಸಿಕೊಂಡು ಬಿಟ್ಟುಹೋದರು, ಎಲ್ಲಾ ಓದಿದಳು, ಕಲ್ಲು ಸಿಗಲಿಲ್ಲ, ಸಿಗದಿದ್ದಷ್ಟೂ ಅನುಮಾನ ಬಲಿಯಿತು, ಸಿಮ್ಯುಲೇಟರಿನಲ್ಲಿ ಇಲ್ಲ ಅಂದರೆ ಮನುಷ್ಯನಲ್ಲಿ ಇರಬೇಕು, ಭಾವ ಯಾಕೆ ಈಚೆಗೆ ಅವಳು ಹತ್ತಿರ ಬಂದರೆ ಲ್ಯಾಪ್‌ಟಾಪಿನ ಪರದೆ ಮಡಚುತ್ತಾರೆ, ಯಾಕೆ ದಿನಾ ಹನ್ನೊಂದು ಗಂಟೆಗೆ ಫೋನು ಹಿಡಿದು ಮೂಲೆಗೆ ತಿರುಗಿ ಪಿಸುಗುಟ್ಟುತ್ತಾರೆ, ಸರ್ಕ್ಯೂಟು ಬೇರೆ ಕಡೆಯಿಂದ ಎತ್ತಿದ್ದೋ, ಬೇರೆ ಕಡೆಗೆ ಮಾರುವುದೋ, ಅಥವಾ – ಇದನ್ನು ಮನಸ್ಸಿನಲ್ಲೂ ಪೂರ್ತಿ ಹೇಳಿಕೊಳ್ಳಲಿಲ್ಲ – ಯಾರಾದರೂ ಹೆಂಗಸೋ, ವಾಸನೆ ಬಾರದ ಹೆಂಡತಿಗೆ ಬೇರೆಯವಳ ಸೆಂಟಿನ ವಾಸನೆಯೂ ಬಾರದಲ್ಲ, ಥೂ, ಎಂಥ ಯೋಚನೆ, ಆದರೆ ಬಂತು, ಬಂದದ್ದು ಹೋಗಲಿಲ್ಲ. ಭಾವನ ಫೈಲನ್ನು ಅವಳು ತನ್ನ ಹಳೆಯ ಪದ್ಧತಿಯಂತೆಯೇ ನೋಡಿದಳು, ಸಾಲಿನ ಮೊದಲಿಗೆ ನಕ್ಷತ್ರದ ಗುರುತಿದ್ದರೆ ಸಿಮ್ಯುಲೇಟರು ಆ ಸಾಲನ್ನು ಓದದೆ ದಾಟಿಬಿಡುತ್ತದೆ, ಅದು ಮನುಷ್ಯರು ಮನುಷ್ಯರಿಗೆ ಬರೆದ ಚೀಟಿ, ಅಂಥ ಸಾಲನ್ನೆಲ್ಲ ಅವಳು ಮೊದಲೇ ಅಳಿಸಿ ಆಮೇಲೆ ಪರೀಕ್ಷೆಗೆ ಕೂರುತ್ತಾಳೆ, ಮಾಡಿದವರು ಏನು ಹೇಳಿಕೊಳ್ಳುತ್ತಾರೆ ಅನ್ನುವುದು ನನಗೆ ಬೇಡ, ಏನು ಮಾಡಿದ್ದಾರೆ ಅಷ್ಟೇ ಸಾಕು ಅಂತ ಹೊಸಬರಿಗೆಲ್ಲ ಪಾಠ ಹೇಳಿದವಳು ಅವಳೇ.

ಹನ್ನೊಂದಾಯಿತು, ಅಗೋ, ಭಾವ ಮೂಲೆಗೆ ತಿರುಗಿದರು, ಇವತ್ತು ಬಿಡಬಾರದು, ಅವಳು ನೀರಿನ ಬಾಟಲಿ ಹಿಡಿದು ಗಾಜಿನ ಬಾಗಿಲ ಬಳಿ ನಿಂತಳು, ಕಿವಿ ಬಾಗಿಲಿಗೆ, ಕಣ್ಣು ಬಾಟಲಿಗೆ, ಇಲ್ಲ ಡಾಕ್ಟ್ರೇ ಅಂತಿದ್ದಾರೆ ಭಾವ, ಲವಂಗ ಮೂಗಿಗೆ ಹಿಡಿದು ದಿನಾ ಎರಡು ಹೊತ್ತು ಮೂಸ್ತಾ ಇದ್ದಾಳೆ, ನಿಂಬೆಹಣ್ಣೂ ಮೂಸಿದ್ಲು, ಏನೂ ಗೊತ್ತಾಗಲ್ವಂತೆ, ಇನ್ನೊಂದು ತಿಂಗಳು ನೋಡೋಣ ಅಂತೀರಾ, ಅವಳ ತಂಗಿ ಇಲ್ಲೇ ಇದ್ದಾಳೆ ಡಾಕ್ಟ್ರೇ, ಕೇಳಿಸಿಕೊಂಡ್ರೆ ಸುಮ್ನೆ ಹೆದರ್ತಾಳೆ, ಅದಕ್ಕೇ ಮೆತ್ತಗೆ ಮಾತಾಡ್ತಿದ್ದೀನಿ. ಅಷ್ಟೇ, ಆರು ದಿನದ ಪಿಸುಮಾತಿನೊಳಗೆ ಇದ್ದದ್ದು ಒಂದು ಲವಂಗ ಒಂದು ನಿಂಬೆಹಣ್ಣು, ಅವಳ ಮುಖ ಬಿಸಿಯಾಯಿತು, ನಾಚಿಕೆಯಾಯಿತು, ಇಂಥ ಮನುಷ್ಯನ ಮೇಲೆ ಏನೇನು ಹೊರಿಸಿದೆ, ಕುರ್ಚಿಗೆ ವಾಪಸು ಬಂದು ಸಹಿ ಹಾಕಿಬಿಡೋಣ ಅಂತಲೇ ಕೂತಳು, ಕೂತು, ಪ್ರಾಯಶ್ಚಿತ್ತ ಅನ್ನಿ ಬೇಕಾದರೆ, ಭಾವ ಕಳಿಸಿದ ಮೂಲ ಫೈಲನ್ನು ಒಂದೂ ಸಾಲು ಅಳಿಸದೆ ತೆರೆದಳು, ಅವರು ಬರೆದದ್ದನ್ನು ಒಮ್ಮೆಯಾದರೂ ಅವರ ಮಾತಿನಲ್ಲೇ ಓದಬೇಕು. ನಲವತ್ತೊಂದನೇ ಸಾಲು, ಎಡಗಡೆಯ ಕೆಪಾಸಿಟರಿಗೆ ಮೊದಲೇ ಐದು ವೋಲ್ಟು ತುಂಬಿಸಿ ಹೊರಡಿಸುವ ಸಾಲು, ಇದನ್ನು ಅವಳು ನೋಡಿದ್ದಳು, ಎಲ್ಲರೂ ಮಾಡುವುದೇ, ಕಂಪ್ಯೂಟರಿನ ಒಳಗೆ ಎಲ್ಲಾ ಸಮಸಮ ಇದ್ದು ಬಜರ್ ತಾನಾಗಿ ಏಳುವುದಿಲ್ಲ ಅಂತ ಒಂದು ಸಣ್ಣ ತಳ್ಳು ಕೊಡುತ್ತಾರೆ, ಅದರ ಮೇಲಿನ ನಲವತ್ತನೇ ಸಾಲು ಮಾತ್ರ ಅವಳಿಗೆ ಹೊಸದು, ನಕ್ಷತ್ರ ಹಾಕಿ ಭಾವ ಬರೆದಿದ್ದಾರೆ, ಈ ತಳ್ಳು ಸದ್ಯಕ್ಕೆ ಮಾತ್ರ, ನಿಜವಾದ ಡಬ್ಬಿಯಲ್ಲಿ ಇದು ಇರುವುದಿಲ್ಲ, ಗ್ಯಾಸು ನಿಧಾನವಾಗಿ ಏರಿದರೆ ಬಜರ್ ಏಳುತ್ತೋ ಇಲ್ಲವೋ ಖಾತ್ರಿ ಇಲ್ಲ, ತಳ್ಳು ತೆಗೆದು ನೋಡಬೇಕು, ನಾನು ಮರೆತರೆ ಪತ್ತೇದಾರಿ ಬಿಡುವುದಿಲ್ಲ.

ಪತ್ತೇದಾರಿ ಅಳಿಸಿಬಿಟ್ಟಿದ್ದಳು, ಮೊದಲನೇ ದಿನ, ಮೊದಲನೇ ಗಂಟೆಯಲ್ಲಿ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಬಾಯಿಬಿಟ್ಟು ಹೇಳಿದ ಮನುಷ್ಯನ ಬಾಯಿ ಮುಚ್ಚಿ ಅವನ ಜೇಬು ತಡಕಿದೆನಲ್ಲ, ತಳ್ಳು ತೆಗೆದಳು, ಗ್ಯಾಸು ಒಂದೇ ಸಲ ನುಗ್ಗುವ ಬದಲು ಹತ್ತು ನಿಮಿಷದಲ್ಲಿ ಮೆಲ್ಲಗೆ ಏರುವ ಹಾಗೆ ಬರೆದಳು, ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಸಿಗರೇಟು ಲೈಟರಿನ ಗ್ಯಾಸನ್ನು ಮೂತಿಗೇ ಹಿಡಿಯುತ್ತಾರೆ, ಡಬ್ಬಿ ತಕ್ಷಣ ಕಿರುಚುತ್ತದೆ, ಆದರೆ ಮನೆಯಲ್ಲಿ ಸೋರುವ ಗ್ಯಾಸು ಹಾಗೆಲ್ಲಿ ಬರುತ್ತದೆ, ಅದು ಕಳ್ಳಹೆಜ್ಜೆ, ರಬ್ಬರು ಪೈಪಿನ ಕೂದಲೆಳೆಯ ಬಿರುಕಿನಿಂದ – ಗೆರೆ ಬಂತು, ಸೊನ್ನೆಯಿಂದ ಮೆಲ್ಲಗೆ ಏರಿ ಒಂದು ಕಡೆ ನಿಂತು ಹಾಗೇ ಬಲಗಡೆಯ ಅಂಚಿಗೆ ಹೋಯಿತು, ಕುಣಿತ ಇಲ್ಲ, ಬಜರ್ ಕೂಗಲು ಒಂದು ಎದ್ದರೆ ಒಂದು ಬೀಳಬೇಕಾದ ಎರಡು ಟ್ರಾನ್ಸಿಸ್ಟರು ಏತಪಾತದ ಹಲಗೆಯ ಎರಡು ಕೊನೆಗೆ ಒಟ್ಟಿಗೇ ಮೆಲ್ಲಗೆ ಹತ್ತಿದ ಮಕ್ಕಳ ಹಾಗೆ ಸಮಸಮ ಕೂತುಬಿಟ್ಟಿವೆ, ಮೇಲೂ ಇಲ್ಲ ಕೆಳಗೂ ಇಲ್ಲ, ಬಜರ್ ಮೂಕ, ಇನ್ನೊಮ್ಮೆ ಓಡಿಸಿದಳು, ಮೂಕ, ಇಪ್ಪತ್ತು ನಿಮಿಷಕ್ಕೆ ಏರಿಸಿದಳು, ಮೂಕ. ಅಕ್ಕನ ಹೆಬ್ಬೆರಳು ಕಣ್ಣಿಗೆ ಬಂತು, ಎಲ್ಲಿಂದ ಬಂತೋ, ಒಲೆಯ ಲೈಟರಿನ ಗುಂಡಿಯ ಮೇಲೆ ಇಟ್ಟ ಅಕ್ಕನ ಹೆಬ್ಬೆರಳು.

ಫೋನು ಎತ್ತಿದಳು, ಸಂಖ್ಯೆ ಒತ್ತುವಷ್ಟರಲ್ಲೂ ಹೆಬ್ಬೆರಳೇ, ರಿಂಗಾಗುತ್ತಿದೆ, ಗಾಜನ್ನು ಕೈಯಿಂದ ಬಡಿದಳು, ಭಾವ ಈ ಕಡೆ ನೋಡಿ ಒಂದೇ ನಿಮಿಷ ಅಂತ ಬೆರಳು ತೋರಿಸಿ ಮತ್ತೆ ಮೂಲೆಗೆ ತಿರುಗಿದರು, ಡಾಕ್ಟರು ಇನ್ನೂ ಮಾತಾಡುತ್ತಿರಬೇಕು, ಏನೂ ಆಗಿರಲಿಕ್ಕಿಲ್ಲ, ಹದಿನೈದು ದಿನದಿಂದ ಏನೂ ಆಗಿಲ್ಲ, ಎಲ್ಲಾ ಪೈಪೂ ಸೋರುತ್ತವೆಯೇ, ಹಲೋ ಅಂದಳು ಅಕ್ಕ, ನೂರು ವರ್ಷ ಆಯುಸ್ಸು ಕಣೇ ನಿಂಗೆ, ಈಗ ನಿನ್ನನ್ನೇ ನೆನಸ್ಕೊಂಡೆ, ಪಕ್ಕದ ಮನೆಯವಳು ಬಂದು ಏನೋ ವಾಸನೆ ಬರ್ತಿದೆ ನಿಮ್ಮನೇಲಿ ಅಂದ್ಲು, ನಮ್ಮನೇಲಿ ಡಬ್ಬಿ ಇದೆಯಮ್ಮ, ನನ್ನ ಗಂಡ ಮಾಡಿದ್ದು, ನನ್ನ ತಂಗಿ ಪರೀಕ್ಷೆ ಮಾಡ್ತಾಳೆ, ಅವಳ ಕಣ್ಣು ತಪ್ಪಿಸಿ ಇರುವೆನೂ ಹೋಗಲ್ಲ, ಅದೇ ಸುಮ್ನಿರೋವಾಗ ನಿಂದೇನು ಅಂತ ಕಳಿಸ್ದೆ, ಅಕ್ಕಾ ಕೇಳಿಲ್ಲಿ, ಅಕ್ಕಾ ಒಲೆ ಮುಟ್ಟಬೇಡ, ಏನೂ ಕೇಳಿಸ್ತಿಲ್ಲ ಕಣೇ, ಹೊರಗೆ ರಸ್ತೆ ಅಗೀತಿದ್ದಾರೆ, ಧೂಳು ಅಂತ ಬೆಳಗಿಂದ ಕಿಟಕಿನೂ ಮುಚ್ಚಿದ್ದೀನಿ, ಆದ್ರೂ ಈ ಸದ್ದು ನೋಡು, ಇರು, ಟೀಗೆ ನೀರಿಟ್ಟಿದ್ದೀನಿ, ಒಲೆ ಹಚ್ಚಿ ಬಂದು ಆರಾಮಾಗಿ ಮಾತಾಡ್ತೀನಿ, ಅಕ್ಕಾ ಬೇಡ, ಅಕ್ಕಾ, ಫೋನು ಕಟ್ಟೆಯ ಮೇಲೆ ಇಟ್ಟ ಸದ್ದು, ಅವಳು ಕಿರುಚುತ್ತಾಳೆ, ಆಫೀಸೆಲ್ಲ ಎದ್ದು ನಿಲ್ಲುತ್ತದೆ, ಭಾವ ಫೋನು ಕೆಳಗಿಟ್ಟು ಓಡಿ ಬರುತ್ತಿದ್ದಾರೆ, ಅಕ್ಕಾ, ಆ ಕಡೆ ರಸ್ತೆ ಅಗೆಯುವ ಯಂತ್ರ, ಯಂತ್ರ ನಿಂತಿತು, ಈಗ ಕೇಳಿಸುತ್ತದೆ, ಈಗ ಕೂಗಿದರೆ ಕೇಳಿಸುತ್ತದೆ, ಗಂಟಲಿನಿಂದ ದನಿಯೇ ಬರುತ್ತಿಲ್ಲ, ಚಪ್ಪಲಿಯ ಸದ್ದು ಒಂದು ಎರಡು ಮೂರು, ಪಾತ್ರೆ ಸರಿಸಿದ ಸದ್ದು, ಲೈಟರು ಎತ್ತಿಕೊಂಡ ಸದ್ದು, ಹೆಬ್ಬೆರಳು, ಗುಂಡಿಯ ಮೇಲೆ ಹೆಬ್ಬೆರಳು, ಅಕ್ಕನ ಹೆಬ್ಬೆರಳು –